ನಾಲ್ಕು ಎಳೆಯ ಗೆರೆ

ರಬಕವಿಯ ನಮ್ಮ ಓಣಿಯಲ್ಲಿ ನನಗೆ ಎರಡು ಕೆಟ್ಟ ಹೆಸರಿದ್ದವು. ಒಂದು, ಮಂದಿಯ ದನಿ ಕದಿಯುವವ. ಇನ್ನೊಂದು, ಗೆರೆಯ ಫೋಟೋ ತೆಗೆಯುವವ. ಮೊದಲನೆಯದಕ್ಕೆ ಬೈಗುಳ ಸಿಗುತ್ತಿತ್ತು. ಎರಡನೆಯದಕ್ಕೆ ಬರೀ ಕನಿಕರ.

ಕ್ಯಾಮರಾ ನನ್ನದಲ್ಲ, ಜಮಖಂಡಿ ಕೋರ್ಟಿನಲ್ಲಿ ಗುಮಾಸ್ತನಾಗಿದ್ದ ಸೋದರಮಾವನದು. ಡಬ್ಬಿಯಂಥದ್ದು. ಹೊಟ್ಟೆಗೆ ಒತ್ತಿ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು, ದೇವರಿಗೆ ಅಲ್ಲ, ಹೊಕ್ಕುಳಿಗೆ ನಮಸ್ಕಾರ ಮಾಡಿದ ಹಾಗೆ. ಒಂದು ರೋಲಿಗೆ ಹನ್ನೆರಡು ಫೋಟೋ, ಎಲ್ಲ ಕಪ್ಪು-ಬಿಳುಪು. ಮಾವ ತನ್ನ ಮದುವೆಯಲ್ಲಿ ಅದನ್ನು ಯಾರ ಕೈಗೋ ಕೊಟ್ಟಿದ್ದ. ಬಂದ ಫೋಟೋಗಳಲ್ಲಿ ಬಾಸಿಂಗ ಇತ್ತು, ಮಾವನ ತಲೆ ಇರಲಿಲ್ಲ. "ಇದಕ್ಕ ಮಂದೀ ಕಂಡ್ರ ಆಗಂಗಿಲ್ಲ. ನೀನರ ಏನರ ತೆಗದು ನೋಡು" ಎಂದು ನನ್ನ ಕೈಗೆ ಹಾಕಿದ.

ಮಂದಿಯನ್ನು ಕಂಡರೆ ಆಗದ ಕ್ಯಾಮರಾಕ್ಕೆ ನಾನು ಗೆರೆ ತೋರಿಸಿದೆ. ಬೆಳಗಾದರೆ ನಮ್ಮ ಓಣಿಯ ಈ ತುದಿಯ ಗೂಟದಿಂದ ಆ ತುದಿಯ ಗೂಟದ ತನಕ ನೂಲಿನ ಹಾಸು ಬಿಗಿಯುತ್ತಿದ್ದರು. ಸಾವಿರಾರು ಎಳೆ, ಅದಕ್ಕೆ ಗಂಜಿ ಬಳಿದು ಕುಂಚದಿಂದ ಬಾಚುತ್ತಿದ್ದರು. ಮಗ್ಗಕ್ಕೆ ಏರಿದ ಮೇಲೆ ಆ ಎಳೆಗಳೇ ಸೀರೆಯ ಉದ್ದವಾಗುತ್ತಿದ್ದವು. ನಾನು ಬಗ್ಗಿ ಗಾಜಿನಲ್ಲಿ ನೋಡಿದರೆ ಓಣಿಯೇ ಇರುತ್ತಿರಲಿಲ್ಲ, ಬರೀ ಗೆರೆಗಳು ಬೆಳಕಿನೊಳಗೆ ಹೋಗಿ ಎಲ್ಲೋ ಕೂಡುತ್ತಿದ್ದವು. ಗಲಗಲಿಯಲ್ಲಿ ಹೊಳೆ ಇಳಿದಾಗ ಉಸುಕಿನ ಮೇಲೆ ನೀರು ಬಿಟ್ಟುಹೋದ ಗೆರೆ ತೆಗೆದೆ. ಬಾಡಗಂಡಿ ಹಾದಿಯಲ್ಲಿ ಕಬ್ಬಿನ ಸಾಲು ತೆಗೆದೆ. ಮುಧೋಳದಲ್ಲಿ ಒಬ್ಬರ ಬೇಟೆನಾಯಿ ಬಿಸಿಲು ಕಾಯಿಸುತ್ತ ಮಲಗಿತ್ತು. ಆ ಊರಿನ ನಾಯಿಯ ಮೈಕಟ್ಟೇ ಹಾಗೆ, ಪಕ್ಕೆಲುಬು ಒಂದೊಂದೂ ಕಾಣುತ್ತದೆ. ನಾನು ಬಗ್ಗಿ ನಿಂತಿದ್ದೇ ತಡ, ಯಜಮಾನರು ಕೋಲು ಹಿಡಿದು ಬಂದರು.

"ಯಾಕಲೇ, ನನ್ನ ನಾಯಿ ಎಲಬು ಎಣಸಾಕತ್ತೀ? ನಾ ಕೂಳ ಹಾಕಂಗಿಲ್ಲಂತ ಊರಿಗೆ ತೋರಸಾವೇನು?"

ಓಡಿ ಬಂದೆ. ಫೋಟೋ ಅಲುಗಿತ್ತು. ಆದರೆ ಆ ಯಜಮಾನರ ದನಿ ಮಾತ್ರ ಸ್ವಚ್ಛವಾಗಿ ಮೂಡಿತ್ತು, ನನ್ನ ಗಂಟಲಲ್ಲಿ.

ರೋಲು ತೊಳೆಯುತ್ತಿದ್ದವರು ಜಮಖಂಡಿಯ ಒಬ್ಬ ಸ್ಟುಡಿಯೋದವರು. ಪ್ರತಿ ಸಲ ಫೋಟೋಗಳನ್ನು ಇಸ್ಪೀಟಿನ ಎಲೆಯಂತೆ ಹರವಿ, ಮೂಗಿನಿಂದ ಮಾತಾಡುತ್ತಿದ್ದರು: "ಹನ್ನೆರಡು ಫೋಟೋದಾಗ ಒಬ್ಬ ಮನಷ್ಯಾ ಇಲ್ಲಲೋ ತಮ್ಮಾ. ನಿಮ್ಮೂರಾಗ ಪ್ಲೇಗ ಬಂದೈತೇನ?"

ಇದೆಲ್ಲವನ್ನೂ ಮನೆಗೆ ತಂದು ಅವ್ವನ ಮುಂದೆ ಆಡಿ ತೋರಿಸಬೇಕಿತ್ತು. ಅವ್ವ ರಾಟೆಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಾನು ಹೊಸ್ತಿಲು ದಾಟಿದ ಕೂಡಲೇ, ಇವತ್ತು ಏನು ಪಲ್ಯ ಎಂದು ಕೇಳುವ ದನಿಯಲ್ಲೇ, "ಇವತ್ತ ಯಾರು?" ಎನ್ನುತ್ತಿದ್ದಳು. ನಾನು ಬಸ್ಸಿನ ಕಂಡಕ್ಟರ್ ಆಗುತ್ತಿದ್ದೆ, ನಾಯಿಯ ಯಜಮಾನ ಆಗುತ್ತಿದ್ದೆ, ಕೊನೆಗೆ ನಾಯಿಯೂ ಆಗುತ್ತಿದ್ದೆ. ಇದ್ದದ್ದಕ್ಕೆ ಉಪ್ಪು-ಖಾರ ನಾನೇ ಸೇರಿಸುತ್ತಿದ್ದೆ. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತ ಅಪ್ಪ ನಗುತ್ತಿರಲಿಲ್ಲ. ಲಾಳಿಯ ಓಡಾಟ ಒಂದು ಗಳಿಗೆ ತಪ್ಪುತ್ತಿತ್ತು, ಅಷ್ಟೇ. ಅವನ ನಗೆ ಅದು.

ಅವ್ವನಿಗೆ ಒಂದು ಸೀರೆಯಿತ್ತು. ತಂಗಿ ಹುಟ್ಟಿದಾಗ ಅಪ್ಪ ನೇಯ್ದದ್ದು. ಬದನೆಕಾಯಿ ಬಣ್ಣದ ಒಡಲು, ಅಂಚಿಗೆ ಕೆಂಪು ದಡಿ. ಅಂಥ ಸೀರೆ ಓಣಿಯ ಮಗ್ಗಗಳಲ್ಲಿ ದಿನಾ ಇಳಿಯುತ್ತಿದ್ದವು. ಆದರೆ ಅವ್ವನದರ ಕೆಂಪು ದಡಿಯ ನಡುವೆ ಅಪ್ಪ ಒಂದು ಸಪೂರ ಗೆರೆ ಬಿಟ್ಟಿದ್ದ, ಮನೆಯಲ್ಲಿ ಉಳಿದಿದ್ದ ಯಾವುದೋ ನೂಲಿನದು. ವ್ಯಾಪಾರಿಗಳ ಸೀರೆಗೆ ಆ ಗೆರೆಯನ್ನು ಅವನು ಮತ್ತೆಂದೂ ಹಾಕಲಿಲ್ಲ. ಕೇಳಿದರೆ "ನೂಲ ತೀರಿತ್ತು" ಎನ್ನುತ್ತಿದ್ದ.

ವರ್ಷಕ್ಕೊಮ್ಮೆ ಅವ್ವ ಆ ಸೀರೆಯನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರವುತ್ತಿದ್ದಳು. ನನಗಾಗ ಹದಿನಾರು. ರೋಲಿನಲ್ಲಿ ಒಂದೇ ಫೋಟೋ ಉಳಿದಿತ್ತು. ಅವ್ವ ಸೀರೆಯ ಒಂದು ತುದಿ ಎತ್ತಿ ಹಿಡಿದಳು. ಗಾಳಿಗೆ ದಡಿ ಬಾಗಿ, ಹೊಳೆಯ ತಿರುವಿನಂತೆ ಬಳುಕಿತು. ನಾನು ಹತ್ತಿರ ಹೋದೆ.

"ನನ್ನ ಮಾರೀನೂ ಬರೂ ಹಂಗ ತೆಗಿಯಲೇ" ಎಂದು ಮುಖ ಮುಂದೆ ಚಾಚಿದಳು.

"ನಿನ್ನ ಮಾರಿ ದಿನಾ ನೋಡತೀನಿ ಬೇ. ಗೆರಿ ವರ್ಷಕ್ಕೊಮ್ಮೆ ಬರತೈತಿ" ಎಂದೆ.

ನಕ್ಕಳು. ಇನ್ನೂ ಏನೋ ಅಂದಳು. ನಾನು ಒತ್ತಿದೆ. ಫೋಟೋದಲ್ಲಿ ದಡಿ ಬಂತು, ಗೆರೆ ಬಂತು, ಅಂಚಿನಲ್ಲಿ ಅವ್ವನ ಎರಡು ಬೆರಳು ಬಂದವು.

ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ಅವ್ವ ಹೋದಳು. ಅದೇ ಸೀರೆ ಉಡಿಸಿ, ನಮ್ಮ ಪದ್ಧತಿಯಂತೆ ಕೂರಿಸಿ, ಮಣ್ಣು ಕೊಟ್ಟೆವು.

ಅದಾಗಿ ಹತ್ತು ಹನ್ನೆರಡು ದಿನಕ್ಕೆ ಒಂದು ತಪ್ಪು ಮಾಡಿದೆ. ಮನೆ ಬಿಕೋ ಅನ್ನುತ್ತಿತ್ತು. ಹೊಸ್ತಿಲಲ್ಲಿ ನಿಂತವನು, ನನಗೇ ಗೊತ್ತಾಗದಂತೆ, ಅವ್ವನ ದನಿಯಲ್ಲಿ ತಂಗಿಯನ್ನು ಊಟಕ್ಕೆ ಕರೆದುಬಿಟ್ಟೆ. ಹಿತ್ತಲಲ್ಲಿ ಆಡುತ್ತಿದ್ದ ಎಂಟು ವರ್ಷದ ಹುಡುಗಿ ಓಡಿ ಬಂತು. ಬಾಗಿಲಲ್ಲಿ ನನ್ನನ್ನು ನೋಡಿತು, ನನ್ನ ಹಿಂದೆ ನೋಡಿತು, ಅಡುಗೆಮನೆಯೊಳಗೆ ಹೋಗಿ ನೋಡಿ ಬಂತು. ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು. ಆಮೇಲೆ ನಾನು ಎಲ್ಲರ ದನಿಯನ್ನೂ ಮಾಡಿದೆ, ಹೊಸ ಹೊಸ ದನಿ ಕದ್ದೆ. ಅವ್ವನದನ್ನು ಮಾತ್ರ ಮುಟ್ಟಲಿಲ್ಲ.

ತಂಗಿಗೆ ಹತ್ತೊಂಬತ್ತಾದಾಗ ಬೀಳಗಿಯ ಕಡೆ ಗಂಡು ಗೊತ್ತಾಯಿತು. ಅಷ್ಟರಲ್ಲಿ ಓಣಿಯ ಅರ್ಧ ಮನೆಗಳಿಗೆ ವಿದ್ಯುತ್ ಮಗ್ಗ ಬಂದಿತ್ತು. ಅಪ್ಪ ಮಾತ್ರ ಕುಣಿ ಬಿಟ್ಟು ಮೇಲೆ ಬಂದಿರಲಿಲ್ಲ. ಮದುವೆಗೆ ಎಂಥ ಸೀರೆ ನೇಯಲಿ ಎಂದು ಕೇಳಿದ.

"ಅವ್ವನ ದಡಿ ಹಾಕಿ ನೇಯಿ ಅಪ್ಪಾ. ಅದನ್ನ ಉಟ್ಟುಕೊಂಡ ಹೋಗತೀನಿ. ಬ್ಯಾರೆ ಏನೂ ಬ್ಯಾಡ ನನಗ" ಎಂದಳು ತಂಗಿ.

ಅಪ್ಪ ಲಾಳಿ ಬದಿಗಿಟ್ಟು, "ನಡುವಿನ ಗೆರಿ ಯಾವ ಬಣ್ಣ ಇತ್ತು?" ಎಂದ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ನನಗೆ ಅವತ್ತು ಎಂಥ ಹೆಮ್ಮೆ! "ತಡೀರಿ" ಎಂದು ಟ್ರಂಕು ತೆಗೆದು ಫೋಟೋ ತಂದೆ. ಇಷ್ಟು ವರ್ಷ ಗೆರೆ ಗೆರೆ ಎಂದು ನಗುತ್ತಿದ್ದಿರಲ್ಲ, ನೋಡಿ ಈಗ ಎಂಬ ಠೀವಿ. ಅಪ್ಪ ಎಳೆ ಎಣಿಸುವ ಸಣ್ಣ ಭೂತಗನ್ನಡಿ ಇಟ್ಟು ನೋಡಿದ. "ಹಾಂ. ನಾಲ್ಕ ಎಳಿ. ಒಂದು ಎಳಿ ಸ್ವಲ್ಪ ಸಡಲ ಐತಿ, ನಂದ ತಪ್ಪು" ಎಂದ. ಆಮೇಲೆ ಕನ್ನಡಿ ತೆಗೆದು ನನ್ನನ್ನು ನೋಡಿದ. "ಬಣ್ಣ?"

ಫೋಟೋದಲ್ಲಿ ಅದು ಬೂದಿ ಬಣ್ಣದ್ದಿತ್ತು. ಕೆಂಪು ದಡಿಯೂ ಬೂದಿ, ತುಸು ಗಾಢ. ಬಣ್ಣದ ನಡುವೆಯೇ ಹುಟ್ಟಿ, ಬಣ್ಣದ ನೂಲಿನಲ್ಲೇ ಉಂಡ ನೇಕಾರನ ಮಗ, ಅವ್ವನ ಸೀರೆಯಿಂದ ಬಣ್ಣವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಜೋಪಾನ ಮಾಡಿದ್ದೆ.

ಫೋಟೋ ಹಿಡಿದು ತಿರುಗಿದೆ. ಎದುರುಮನೆಯ ಹಿರಿಯ ನೇಕಾರರು ಅದನ್ನು ಬೆಳಕಿಗೆ ಹಿಡಿದು, ಕೆಮ್ಮಿ, "ಬಿಳಿದು. ಕಣ್ಣ ಮುಚ್ಚಿ ಹೇಳತೀನಿ" ಎಂದರು. ಖರೆ ಹೇಳಬೇಕೆಂದರೆ ಕಣ್ಣು ಮುಚ್ಚಿಯೇ ಹೇಳಿದರು. ಅಪ್ಪನ ಅಕ್ಕ, ನಮ್ಮ ಅತ್ತೆ, "ಅರಿಷಿಣ ಬಣ್ಣ ಆಗಿತ್ತು. ನಾ ಅಕೀಗೆ ಸೀರಿ ಉಡಿಸಿದಾಕಿ, ನನಗ ಹೇಳತೀಯೇನ?" ಎಂದು ಗದರಿಸಿದಳು. ತಂಗಿಗೆ ಅದು ಆಕಾಶದ ಬಣ್ಣ. ಆದರೆ ಅವ್ವ ಹೋದಾಗ ಅವಳಿಗೆ ಎಂಟೇ ವರ್ಷ, ಆಗ ಅವಳಿಗೆ ಅವ್ವನದೆಲ್ಲ ಆಕಾಶದ್ದೇ. ಜಮಖಂಡಿಗೆ ಹೋದರೆ ಸ್ಟುಡಿಯೋದವರು ಮೂಗಿನಿಂದಲೇ ನಿಟ್ಟುಸಿರು ಬಿಟ್ಟರು: "ಕರಿ-ಬಿಳಿ ರೋಲಿಗೆ ಬಣ್ಣ ಕೇಳಾಕ ಬಂದೀಯಲ್ಲೋ. ಅವತ್ತ ಅವರ ಮಾರಿ ತೆಗದಿದ್ದರ, ಗ್ವಾಡಿಗರ ಹಾಕತಿದ್ದಿ."

ಅವರ ದನಿಯನ್ನು ಮನೆಗೆ ತಂದು ಆಡಲು ಮನಸ್ಸಾಗಲಿಲ್ಲ.

ಅಪ್ಪ ಹಾಸು ಹಾಸುವ ದಿನ ಗೊತ್ತುಮಾಡಿದ. ದಡಿಯ ಗೆರೆ ಹಾಸಿನಲ್ಲೇ ಬರಬೇಕು. ಹಾಸು ಮಗ್ಗಕ್ಕೆ ಏರಿದ ಮೇಲೆ ಬದಲಿಸಲು ಬಾರದು. "ಗೊತ್ತಾಗಲಿಲ್ಲಂದ್ರ ಬರೇ ಕೆಂಪ ಬಿಡೂಣು" ಎಂದ. ತಂಗಿ "ಆತು ಬಿಡ್ರಿ" ಎಂದಳು. ಅಪ್ಪನಿಗೆ ಎಂದೂ 'ರಿ' ಹಚ್ಚದವಳು ಹಚ್ಚಿದಳು. ಅಲ್ಲಿಗೆ ಅವಳಿಗೆ ಎಷ್ಟು ನೊಂದಿದೆ ಎಂದು ನನಗೆ ತಿಳಿಯಿತು.

ಹಾಸಿನ ಹಿಂದಿನ ದಿನ ಮಧ್ಯಾಹ್ನ ಅವಳು ನನ್ನನ್ನು ಮಾಳಿಗೆಗೆ ಕರೆದಳು.

"ಅಣ್ಣಾ, ಆ ಫೋಟೋ ತೆಗೆದ ದಿನಾ ಆಡಿ ತೋರಸು. ಮದ್ಲಿಂದ. ಎಲ್ಲಾರ ದನೀನೂ."

"ಎಲ್ಲಾರ್ದೂ ಅಂದ್ರ?"

"ಅವ್ವಂದೂ."

"ಬ್ಯಾಡವಾ. ಅವತ್ತ ನೀ ಓಡಿ ಬಂದಿದ್ದಿ."

"ಈಗ ಓಡಂಗಿಲ್ಲ. ಇಲ್ಲೇ ಕುಂತಿರತೀನಿ, ನೋಡು" ಎಂದು ಸೆರಗು ಸುತ್ತಿಕೊಂಡು ಕೂತಳು.

ಮೊದಲು ಎದುರುಮನೆಯವರ ಕೆಮ್ಮು ಮಾಡಿದೆ. ಓಣಿಯಲ್ಲಿ ಬದನೆಕಾಯಿ ಮಾರುತ್ತ ಹೋಗುತ್ತಿದ್ದ ಹೆಂಗಸಿನ ಕೂಗು ಮಾಡಿದೆ. ಹದಿನಾರು ವರ್ಷದ ನನ್ನನ್ನು ಮಾಡಿದೆ: ಒಡೆದ ದನಿ, ಊರಿಗಿಲ್ಲದ ದೊಡ್ಡಸ್ತಿಕೆ. ತಂಗಿ ನಕ್ಕಳು. ನಗೆಯ ಭರದಲ್ಲೇ ಬಗ್ಗಿ, ಇಲ್ಲದ ಕ್ಯಾಮರಾ ಹೊಟ್ಟೆಗೆ ಒತ್ತಿಕೊಂಡು, "ಗೆರಿ ವರ್ಷಕ್ಕೊಮ್ಮೆ ಬರತೈತಿ" ಎಂದೆ. ಅದರ ಬೆನ್ನಿಗೇ, ನಾನು ತಯಾರಾಗುವ ಮೊದಲೇ, ಅವ್ವನ ದನಿ ಬಂತು.

"ಲಗೂ ತೆಗಿಯಲೇ ಮಂಗ್ಯಾ! ನನ್ನ ಗಿಣಿ ಹಸರು ಬಿಸಲಿಗೆ ಮಾಸಾಕತ್ತೈತಿ!"

ಬಾಯಿ ಹೇಳಿದ ಮೇಲೆಯೇ ಕಿವಿಗೆ ಕೇಳಿದ್ದು. ಹನ್ನೊಂದು ವರ್ಷ ನನ್ನ ಗಂಟಲಲ್ಲೇ ಕೂತಿದ್ದ ಮಾತು. ತಂಗಿ ಓಡಲಿಲ್ಲ. ಎರಡೂ ಕೈಯಿಂದ ಮಾಳಿಗೆಯ ಮಣ್ಣನ್ನು ಒತ್ತಿ ಹಿಡಿದು ಕೂತಿದ್ದಳು. ಕೆಳಗೆ ಮಗ್ಗದ ಸದ್ದು ನಿಂತಿತ್ತು. ನಿಚ್ಚಣಿಕೆಯ ಬುಡದಲ್ಲಿ ಅಪ್ಪ ನಿಂತಿದ್ದ.

"ಇನ್ನೊಮ್ಮೆ ಅನ್ನು" ಎಂದ.

ಅಂದೆ. ಎರಡನೆಯ ಸಲ ಬಂದದ್ದು ನನ್ನದೇ ದನಿ, ಅವ್ವನ ಹಾಗೆ ಆಡಲು ಹೆಣಗುತ್ತಿದ್ದ ನನ್ನ ದನಿ.

"ಖರೆ ಹೇಳು. ಅದು ಅಕೀ ಮಾತೋ, ನೀ ಸೇರಿಸಿದ್ದೋ?"

ಊರೆಲ್ಲರ ಮಾತಿಗೆ ಉಪ್ಪು-ಖಾರ ಹಚ್ಚಿ ಮಾರಿದವನನ್ನು ಯಾರಾದರೂ ಕೇಳಬೇಕಾದ ಪ್ರಶ್ನೆಯೇ ಅದು. "ಗೊತ್ತಿಲ್ಲಪಾ" ಎಂದೆ. ಅವನು ತಲೆಯಾಡಿಸಿ ಒಳಗೆ ಹೋದ.

ಮರುದಿನ ಬೆಳಿಗ್ಗೆ ಓಣಿಯಲ್ಲಿ ಹಾಸು ಬಿಗಿದಾಗ ಕೆಂಪಿನ ನಡುವೆ ಗಿಳಿಹಸಿರಿನ ನಾಲ್ಕು ಎಳೆ ಇದ್ದವು. ಎರಡೂ ದಡಿಯಲ್ಲಿ. ತಂಗಿ ಈ ತುದಿಯಿಂದ ಆ ತುದಿಯ ತನಕ ಅವುಗಳ ಪಕ್ಕದಲ್ಲೇ ನಡೆದುಹೋದಳು, ಮುಟ್ಟದೆ. ನಾನು ಕ್ಯಾಮರಾ ತಂದೆ. "ಮತ್ತ ಕರಿ-ಬಿಳೀನ?" ಎಂದಳು. ಅಲ್ಲ. ಜಮಖಂಡಿಯಿಂದ ಮಾವನ ಕೈಯಲ್ಲಿ ಬಣ್ಣದ ರೋಲು ತರಿಸಿದ್ದೆ. ಎಳೆಗಳ ಆಚೆ ಅವಳನ್ನು ನಿಲ್ಲಿಸಿ, ಗೆರೆಗಿಂತ ಮೊದಲು ಅವಳ ಮುಖ ತೆಗೆದೆ. "ಸರಿ ನಿಂದರ ಬೇ" ಎಂದು ಬೈದೆ. ಗಾಜು ಮಂಜಾಗಿತ್ತು, ಆಕೆ ಸರಿಯಾಗಿಯೇ ನಿಂತಿದ್ದಳು.

ಮದುವೆಯಾಯಿತು. ಆ ಸೀರೆಯುಟ್ಟು ಬೀಳಗಿಗೆ ಹೋದಳು. ಬಂದಾಗಲೆಲ್ಲ ಹೊಸ್ತಿಲಲ್ಲೇ ನಿಂತು "ಇವತ್ತ ಯಾರು?" ಎನ್ನುತ್ತಾಳೆ. ನಾನು ಅವಳ ಅತ್ತೆಯನ್ನೂ ಬಿಟ್ಟಿಲ್ಲ. ಆದರೆ ಆ ಇನ್ನೊಂದು ದನಿ ಮತ್ತೆ ಬಂದಿಲ್ಲ. ಯಾರೂ ಇಲ್ಲದಾಗ ಮಾಳಿಗೆ ಹತ್ತಿ, ಬಗ್ಗಿ ನಿಂತು ನೋಡಿದ್ದೇನೆ. ಬರೀ ಬೆನ್ನು ನೋಯುತ್ತದೆ.

ತಂಗಿ ಗಂಡನ ಮನೆಗೆ ಹೋದ ವಾರವೇ ನಾನು ಅಪ್ಪನ ಮಗ್ಗದ ಪಕ್ಕ ಕೂತು, ತಡೆಯಲಾರದೆ ಕೇಳಿದ್ದೆ: "ಅಪ್ಪಾ, ನಿನಗ ಯಾವ ಬಣ್ಣ ಅಂತ ನೆನಪಿತ್ತು?"

"ಅರಿಷಿಣ ಅನಸತಿತ್ತು. ಖಾತ್ರಿ ಇರಲಿಲ್ಲ."

"ಮತ್ತ ಹಸರ ಯಾಕ ಹಾಕಿದಿ?"

ಲಾಳಿ ಒಂದು ಗಳಿಗೆ ತಪ್ಪಿತು.

"ದನಿ ಅಕೀದಿತ್ತಲೋ" ಎಂದ.