ತಂತಿಗೆ ದಾರಿಯಿಲ್ಲದ ದೀಪ

ಜಾವಾದ ಬ್ಲೋರಾ ಊರಿನ ನಮ್ಮ ಕೇರಿಯಲ್ಲಿ ಸರ್ಮಿದಿ ಅಜ್ಜ ಜೀವಮಾನವೆಲ್ಲ ಲೇತಿನ ಮೇಲೆ ತೇಗದ ಮಂಚದ ಕಾಲುಗಳನ್ನೇ ಕಡೆದವನು. ಟೀಚರ್ ವಾರ್ತಿನಿ ಮೇಜಿನ ದೀಪಕ್ಕೊಂದು ಕಂಬ ಕೇಳಿದಾಗಲೂ ಅಷ್ಟೇ ಚೆಂದವಾಗಿ ಕಡೆದು, ಮೇಣ ತಿಕ್ಕಿ ಹೊಳಪೇರಿಸಿ ಕೊಟ್ಟ. ಒಳಗೆ ತಂತಿ ಹೋಗಲು ತೂತು ಕೊರೆಯುವುದನ್ನು ಮಾತ್ರ ಮರೆತಿದ್ದ.

ನಮ್ಮಲ್ಲಿ ಹಿರಿಯರ ತಪ್ಪನ್ನು ಮುಖದೆದುರು ಆಡುವವರಿಲ್ಲ. ಟೀಚರ್ ತಂತಿಯನ್ನು ಕಂಬದ ಹೊರಗೇ ಸುತ್ತಿ, ಮೇಲೊಂದು ಬಾಟಿಕ್ ಬಟ್ಟೆ ಕಟ್ಟಿದರು. ಅಜ್ಜ ಒಮ್ಮೆ ಅವರ ಮನೆಗೆ ಚಹಾಕ್ಕೆ ಹೋದಾಗ ಬಟ್ಟೆಯಂಚಿನಲ್ಲಿ ಇಣುಕುತ್ತಿದ್ದ ತಂತಿ ಕಣ್ಣಿಗೆ ಬಿತ್ತು.

"ತಂತಿ ಹೊರಗಿರೋದೇ ಒಳ್ಳೇದಾಯ್ತು ಅಜ್ಜ, ಇಲಿ ಕಡಿದ್ರೆ ತಕ್ಷಣ ಗೊತ್ತಾಗುತ್ತೆ" ಎಂದರು ಟೀಚರ್. ಅಜ್ಜನ ಮುಖ ಸಣ್ಣದಾದದ್ದು ಕಂಡು, "ಇಂಥದ್ದೇ ಇನ್ನೊಂದು ಮಾಡಿಕೊಡಿ, ಜೋಡಿ ಇರಲಿ" ಎಂದೂ ಸೇರಿಸಿದರು.

ಎರಡನೆಯದನ್ನು ಕಡೆಯುವಾಗ ನಾನು ಅಲ್ಲೇ ಕೂತಿದ್ದೆ. ಅಜ್ಜಿ ಬೈರಿಗೆ ತಂದು ಎದುರಿಗೆ ಕುಕ್ಕಿದಳು. "ಈ ಸಲನಾದ್ರೂ ತೂತು ಹೊಡೀರಿ, ಪುಣ್ಯ ಬರುತ್ತೆ!"

"ಹೊಡೆದ್ರೆ ಟೀಚರಮ್ಮ ಅವತ್ತು ಸುಳ್ಳು ಹೇಳಿದ್ರು ಅಂತ ಆಗಲ್ವೇನೇ?" ಎಂದ ಅಜ್ಜ, ಬೈರಿಗೆಯನ್ನು ಬದಿಗೆ ಸರಿಸಿ ಮೇಣ ತಿಕ್ಕತೊಡಗಿದ.