ಆ ಏಡಿಯ ದನಿ ನಮ್ಮವರದು

ಕಳೆದ ಭಾನುವಾರ ನನ್ನ ಗಂಡ ತಮ್ಮ ಹೆಂಡತಿಗಾಗಿ ಒಂದು ಹಾಡು ಹಾಡಿದರು. ಏಡಿಯಾಗಿ!

ಗಾಬರಿಯಾಗಬೇಡಿ. ಪಡಬೇಕಾದ ಗಾಬರಿಯನ್ನೆಲ್ಲ ನಾನೇ ಪಟ್ಟು ಮುಗಿಸಿದ್ದೇನೆ.

ನಮ್ಮವರು, ವಸಂತ, ಪುತ್ತೂರಿನ ದರ್ಬೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವರು. ಮಾತು ಕಡಿಮೆ. ಎಷ್ಟು ಕಡಿಮೆ ಅಂದರೆ, ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಆಡಿದ್ದನ್ನೆಲ್ಲ ಒಂದು ಪೋಸ್ಟ್‌ಕಾರ್ಡಿನಲ್ಲಿ ಬರೆದು ಮುಗಿಸಬಹುದು. ಎರಡು ತಿಂಗಳಿಂದ ಪ್ರತಿ ಭಾನುವಾರ ಪೆರಾಬೆಗೆ ಹೋಗುತ್ತಿದ್ದರು. ಯಾಕೆ ಎಂದು ಕೇಳಿದರೆ "ಮೋಟರ್." (ಅಷ್ಟೆ. ಪೂರ್ತಿ ವಾಕ್ಯ ಅದೇ.) ಒಂದೇ ಊರಿನಲ್ಲಿ ಅಷ್ಟು ಮೋಟರ್ ಹಾಳಾಗುತ್ತದೆಯೇ? ನನಗೆ ಸಂಶಯ ಬಂದಿತ್ತು, ಸುಳ್ಳು ಯಾಕೆ ಹೇಳಲಿ?

ಆಮೇಲೆ ಅಶ್ರಫನ ಫೋನ್ ಬಂತು. ಗಲ್ಫ್ ಬಿಟ್ಟು ಪೆರಾಬೆಗೆ ಮರಳಿದ, ಇವರ ಸ್ಕೂಲ್ ಗೆಳೆಯ.

"ಅಕ್ಕಾ, ನಾನೊಂದು ಕಾರ್ಟೂನ್ ಪಿಕ್ಚರ್ ಮಾಡಿದ್ದೇನೆ. ಮನುಷ್ಯರೇ ಇಲ್ಲ ಮಾರಾಯ್ರೆ! ಏಡಿ, ಉಡ, ಗೂಬೆ, ಎಲ್ಲ ಮಾತಾಡುದು, ಹಾಡುದು. ನೀವು ಬರ್ಲೇಬೇಕು."

ಪುತ್ತೂರಿನ ಒಂದು ಸಣ್ಣ ಹಾಲ್‌ನಲ್ಲಿ ಮಧ್ಯಾಹ್ನದ ಶೋ. ಉಡ ಹಾರ್ಮೋನಿಯಂ ಬಾರಿಸಿತು. ಗೂಬೆ ನಮ್ಮ ಕಡೆಯ ಅರೆಭಾಷೆಯಲ್ಲಿ ಬೈಯಿತು. ಕಥೆ ಏನೆಂದು ನನಗಂತೂ ತಲೆಗೆ ಹತ್ತಲಿಲ್ಲ. ಅಷ್ಟರಲ್ಲಿ ಏಡಿಯೊಂದು ಮುನಿಸಿಕೊಂಡ ಹೆಂಡತಿಯ ಬಿಲದ ಮುಂದೆ ನಿಂತು ಹಾಡತೊಡಗಿತು. ಅರೆ, ಈ ದನಿ! ಪಕ್ಕಕ್ಕೆ ತಿರುಗಿದೆ. ನಮ್ಮವರು ತಲೆ ತಗ್ಗಿಸಿ ಶರ್ಟಿನ ಗುಂಡಿ ತಿರುವುತ್ತಿದ್ದರು.

ಹಾಡು ನಿಂತಿತು. ಏಡಿ ಹೇಳಿತು: "ನಿನ್ನ ಹತ್ರ ನೇರ ಬರ್ಬೇಕೂಂತಲೇ ಹೊರಡುದು ಮಾರಾಯ್ತಿ. ಕಾಲು ಅಡ್ಡ ಹೋಗ್ತದೆ. ನಾನೆಂತ ಮಾಡುದು?"

ಹಾಲ್ ಬಿದ್ದು ಬಿದ್ದು ನಕ್ಕಿತು. ಕಾಮಿಡಿ ನೋಡಿ ಅತ್ತವಳು ನಾನೊಬ್ಬಳೇ ಇರಬೇಕು.

ಹೊರಗೆ ಅಶ್ರಫನನ್ನು ಹಿಡಿದೆ. "ಆ ಡೈಲಾಗ್ ಚಂದ ಬರ್ದಿದ್ದೀರಿ."

"ನಾನಾ? ನಾನು ಬರ್ದದ್ದು ಹಾಡು ಮಾತ್ರ ಅಕ್ಕಾ. ಅದು ವಸಂತ ಭಾನುವಾರ ರೆಕಾರ್ಡಿಂಗಿಗೆ ಬಂದಾಗ ಮೈಕಿನೆದುರು ಅವನಷ್ಟಕ್ಕೇ ಹೇಳಿದ್ದು. ಲಾಯ್ಕ್ ಉಂಟೂಂತ ನಾನು ತೆಗೀಲಿಲ್ಲ."

ಸ್ಕೂಟರ್ ಹತ್ತಿ, ಬೆನ್ನ ಹಿಂದಿನಿಂದ ಕೇಳಿದೆ. "ನೀವು ಅದನ್ನು ಹೇಳಿದ್ದು ಯಾರಿಗೆ?"

"ಏಡಿಗೆ."

"ಯಾವ ಏಡಿಗೆ?"

ನಮ್ಮವರು ಸ್ಕೂಟರ್ ಸ್ಟಾರ್ಟ್ ಮಾಡಿದರು. ಕಿವಿ ಕೆಂಪಾಗಿತ್ತು. (ಬಿಸಿಲಿಗೂ ಇರಬಹುದು.)

ನಾಲ್ಕು ದಿನವಾಯಿತು. ಮನೆಯಲ್ಲಿ ಅದೇ ಮೌನ. ಆದರೆ ಯಾಕೋ ಮೊದಲಿನಂತೆ ಸಿಟ್ಟು ಬರುತ್ತಿಲ್ಲ. ನೀವೇ ಹೇಳಿ, ಗಂಡ ಏಡಿಯಾಗಿ ಆಡಿದ ಮಾತಿಗೆ ಹೆಂಡತಿ ಯಾರಾಗಿ ಉತ್ತರ ಕೊಡಬೇಕು?