ಗುರುದೇವಿಯ ಜಡ ಸರಪಳಿ

ಶಹಾಬಾದಿನಲ್ಲಿ ಖಾನಾವಳಿ ನಡೆಸುತ್ತಿದ್ದ ಗುರುದೇವಿ ಅಂಜುವ ಹೆಂಗಸಲ್ಲ. ಗಂಡ ತೀರಿದ ಮೇಲೆ ಹನ್ನೆರಡು ವರ್ಷ ಕಲ್ಲುಗಣಿಯ ಲಾರಿ ಡ್ರೈವರುಗಳಿಗೆ ರೊಟ್ಟಿ ಬಡಿದು ಹಾಕಿದವಳು. ಕುಡಿದು ಬಂದವನನ್ನು ತಾಟಿನ ಮುಂದಿನಿಂದ ಎಬ್ಬಿಸಿ ಕಳಿಸಿದವಳು. ಅಂಥವಳು ೧೯೭೮ನೇ ಇಸವಿಯಲ್ಲಿ ಒಂದೇ ಒಂದು ಮಾತಿಗೆ ನಡುಗಿಹೋದಳು.

ಕೊರಳಲ್ಲಿ ಗಂಟು, ಬಿಟ್ಟುಬಿಟ್ಟು ಜ್ವರ. ಮೈದುನ ನಾಗೇಂದ್ರಪ್ಪ ವಾಡಿಯಲ್ಲಿ ಕಂಪೌಂಡರ್. ಹೈದರಾಬಾದಿಗೆ ಕರೆದೊಯ್ದು ರಕ್ತ ತೋರಿಸಿದ್ದವನು ಅವನೇ. ವರದಿ ತಂದ ದಿನ ಗಾಡಿ ಹಿಡಿಯುವ ಗಡಿಬಿಡಿಯಲ್ಲಿ, "ವೈನಿ, ನಿಮ್ಮ ರಕ್ತದಾಗ ಜಡ ಸರಪಳಿದು ತೊಂದ್ರಿ ಅದರಿ, ಆಮ್ಯಾಲ ಬಂದು ಹೇಳ್ತೀನಿ" ಎಂದು ಹೊರಟೇಬಿಟ್ಟ. ಪುಣ್ಯಾತ್ಮ, ಒಂದು ಗಳಿಗೆ ಕುಂತು ಹೇಳಬಾರದಿತ್ತೇ? ತೂಕವಿದ್ದದ್ದಕ್ಕೆ ನಮ್ಮ ಕಡೆ ಜಡ ಎನ್ನುತ್ತೇವೆ, ರೋಗಕ್ಕೆ ಜಡ್ಡು. ಗುರುದೇವಿಯ ಕಿವಿಗೆ ಬಿದ್ದದ್ದು ಜಡ್ಡಿನ ಸರಪಳಿ. ಕೊಂಡಿಯಿಂದ ಕೊಂಡಿಗೆ, ಒಬ್ಬರಿಂದ ಒಬ್ಬರಿಗೆ ಹೋಗುವ ರೋಗ ಎಂದುಕೊಂಡಳು. ಅಂದೇ ಖಾನಾವಳಿ ಮುಚ್ಚಿದಳು. ಚೊಚ್ಚಲ ಬಾಣಂತನಕ್ಕೆ ಬರಬೇಕಿದ್ದ ಮಗಳು ಶರಣಬಸಮ್ಮನಿಗೆ, ಬರಬೇಡವೆಂದು ಸೇಡಂಗೆ ಹೇಳಿ ಕಳಿಸಿದಳು.

ಮಗಳು ಕೇಳುತ್ತಾಳೆಯೇ? ನಾಲ್ಕನೆಯ ದಿನ ಕೆಮ್ಮುತ್ತಲೇ ಬಸ್ಸಿಳಿದು ಬಂದು ಬಾಗಿಲು ಬಡಿದಳು.

"ಯವ್ವಾ, ನಾ ಏನ್ ತಪ್ಪ ಮಾಡೀನಿ?"

"ಹೋಗವ್ವಾ, ಹೊಟ್ಟ್ಯಾಗಿನ ಕೂಸಿಗೆ ಹತ್ತತದ!" ಗುರುದೇವಿ ಒಳಗೆ ಬಾಗಿಲಿಗೆ ಬೆನ್ನು ಕೊಟ್ಟು ಅಳುತ್ತಿದ್ದಳು.

ಅಷ್ಟರಲ್ಲಿ ನಾಗೇಂದ್ರಪ್ಪ ಬಂದ. ವಿಷಯ ಕೇಳಿ ಹಣೆ ಚಚ್ಚಿಕೊಂಡ.

"ವೈನಿ, ಜಡ್ಡಲ್ಲರಿ, ಜಡ! ರೋಗದ ಜೋಡಿ ಕಾದಾಡೋ ಆಂಟಿಬಾಡಿ ರಕ್ತದಾಗ ಇರ್ತಾವ. ಡಾಕ್ಟರು ಚಿತ್ರ ತಗದು ತೋರ್ಸ್ಯಾರ, ಕವಲು ಕಟಗಿಯಂಗ. ಎರಡು ಜಡ ಸರಪಳಿ, ಎರಡು ಹಗುರ ಸರಪಳಿ ಕೂಡಿ ಒಂದು ಆಂಟಿಬಾಡಿ. ಒಂದರ ಕವಲಿನ ತುದಿ ಇನ್ನೊಂದರಂಗ ಇರಂಗಿಲ್ಲ. ಕೀಲಿಗೊಂದು ಕೀಲಿಕೈ ಇದ್ದಂಗ, ರೋಗಕ್ಕೊಂದು ತುದಿ. ನಿಮ್ಮ ಮೈಯಾಗ ತುದಿ ಇಲ್ಲದ ಜಡ ಸರಪಳಿನೇ ಹುಟ್ಟಾಕತ್ತಾವ. ಯಾರಿಗೂ ಹತ್ತಂಗಿಲ್ರಿ."

ಬಾಗಿಲು ತೆರೆಯಿತು. ಗುರುದೇವಿ ಮಗಳ ತುಂಬಿದ ಹೊಟ್ಟೆ ನೋಡಿ ನಕ್ಕಳು. ಎದೆಯ ಮೇಲಿನ ಭಾರವೆಲ್ಲ ಇಳಿದಿತ್ತು. ಎರಡೂ ಕೈ ಚಾಚಿದಳು.

ಶರಣಬಸಮ್ಮ ಕೆಮ್ಮಿದಳು. ನಾಗೇಂದ್ರಪ್ಪ ಥಟ್ಟನೆ ನಡುವೆ ಬಂದು ನಿಂತ.

"ನಿಮ್ಮಿಂದ ಯಾರಿಗೂ ಹತ್ತಂಗಿಲ್ಲ, ಖರೆ. ಆದ್ರ ತುದಿ ಇಲ್ಲದ ಸರಪಳಿ ರೋಗದ ಜೋಡಿ ಕಾದಾಡಂಗಿಲ್ಲ; ಮಂದಿ ಕೆಮ್ಮು-ಜ್ವರ ನಿಮಗ ಹತ್ತಿದ್ರ ತಡಕೊಳ್ಳಾಕ ಆಗಂಗಿಲ್ರಿ, ವೈನಿ."

ಶರಣಬಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಂಜುವ ಸರದಿ ಈಗ ಅವಳದು.

"ನನಗ ಬಂದ್ರ ಬರ್ಲಿ, ಬಾ ಯವ್ವಾ" ಎಂದಳು ತಾಯಿ, ಚಾಚಿದ ಕೈ ಹಿಂದೆಗೆಯದೆ.

ಮಗಳು ಅಳುತ್ತ ಒಂದು ಹೆಜ್ಜೆ ಹಿಂದಕ್ಕಿಟ್ಟಳು.